ಮುದ್ರೆಯ ಸಾಕ್ಷ್ಯ: ಬೀದರಿನ ಪತ್ರಚರಿತ್ರೆ ಎತ್ತುವ ಒಂದು ಪ್ರಶ್ನೆ

ಒಬ್ಬರ ಹೆಸರಿನಲ್ಲಿ ಬಂದ ಮಾತು ನಿಜಕ್ಕೂ ಅವರದೇ ಎಂದು ಕೇಳುವವನು ಯಾವ ಆಧಾರದಿಂದ ನಂಬಬೇಕು ಎಂಬುದು ಮೇಲುನೋಟಕ್ಕೆ ದಫ್ತರಿನ ವ್ಯವಹಾರಕ್ಕೆ ಸೇರಿದ ಪ್ರಶ್ನೆಯಂತೆ ಕಂಡರೂ ಅದು ಧರ್ಮಗಳ ತಳಪಾಯದಲ್ಲಿಯೇ ಇರುವ ಪ್ರಶ್ನೆಯಾಗಿದೆ. ದೇವವಾಣಿಯನ್ನಾಗಲಿ ಗುರುವಾಣಿಯನ್ನಾಗಲಿ ಅದು ಹೊರಟ ಬಾಯಿಂದಲೇ ಕೇಳಿದವರು ಎಲ್ಲ ಕಾಲಕ್ಕೂ ಕೆಲವರೇ. ಉಳಿದವರೆಲ್ಲರೂ ಯಾರೋ ನೆನಪಿನಲ್ಲಿಟ್ಟು, ಬರೆದು, ಹೊತ್ತು ತಂದು ಮುಟ್ಟಿಸಿದ್ದನ್ನು ಸ್ವೀಕರಿಸಿದವರು, ಆದುದರಿಂದ ಶ್ರದ್ಧೆ ಎನ್ನುವುದರಲ್ಲಿ ಬಹುಭಾಗ ಮುಟ್ಟಿಸಿದವರ ಮೇಲಿನ ಭರವಸೆಯೇ ಆಗಿರುತ್ತದೆ. ಪತ್ರವೊಂದನ್ನು ಬರೆದು, ಮೊಹರು ಮಾಡಿ, ಸಾಗಿಸಿ, ಒಡೆದು ಓದುವ ಸಾಮಾನ್ಯ ವ್ಯವಹಾರದಲ್ಲಿ ಈ ಭರವಸೆಯ ಸ್ವರೂಪ ಕಣ್ಣಿಗೆ ಕಾಣುವಂತೆ ತೆರೆದುಕೊಳ್ಳುತ್ತದೆ. ಬೀದರ್ ನಗರದ, ಅದರ ನೆರೆಯ ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳ ಪತ್ರಚರಿತ್ರೆಯನ್ನು ಈ ದೃಷ್ಟಿಯಿಂದ ನೋಡುವುದಕ್ಕೆ ಬಲವಾದ ಕಾರಣವಿದೆ, ಏಕೆಂದರೆ ಈ ನಗರವನ್ನು ರಾಜಧಾನಿಯಾಗಿ ಮಾಡಿಕೊಂಡಿದ್ದ ರಾಜ್ಯದಲ್ಲಿ ಕಾಗದದ ಮೇಲಿನ ಒಂದು ಮುದ್ರೆ ಒಬ್ಬ ಮಹಾಮಂತ್ರಿಯ ಪ್ರಾಣವನ್ನು ತೆಗೆಯಿತು, ಆ ರಾಜ್ಯ ಅದರಿಂದ ಮತ್ತೆ ಚೇತರಿಸಿಕೊಳ್ಳಲಿಲ್ಲ.

ಆ ಮಂತ್ರಿ ಖ್ವಾಜಾ ಮಹಮೂದ್ ಗವಾನ್. ಇರಾನಿನ ಗೀಲಾನ್ ಪ್ರಾಂತದಿಂದ ವ್ಯಾಪಾರಕ್ಕಾಗಿ ಬಂದು 1453ರ ಸುಮಾರಿಗೆ ಬೀದರ್ ಸೇರಿದ ಈತ ಬಹಮನಿ ಸುಲ್ತಾನರ ಆಸ್ಥಾನದಲ್ಲಿ ಹಂತಹಂತವಾಗಿ ಮೇಲೇರಿ, ಮೂರನೆಯ ಮುಹಮ್ಮದ್ ಷಾನ ಕಾಲದಲ್ಲಿ ರಾಜ್ಯದ ಆಡಳಿತವನ್ನೆಲ್ಲ ನಿರ್ವಹಿಸಿದನು. 1472ರಲ್ಲಿ ಆತ ಬೀದರಿನಲ್ಲಿ ಕಟ್ಟಿಸಿದ ಮದರಸಾದ ಹೆಸರು ಎಲ್ಲರಿಗೂ ಪರಿಚಿತವಾದರೂ, ಆತ ತನ್ನ ಕಾಲದ ಫಾರಸಿ ಪತ್ರಲೇಖಕರಲ್ಲಿ ಅಗ್ರಗಣ್ಯನಾಗಿದ್ದನೆಂಬ ಸಂಗತಿ ಕನ್ನಡ ಓದುಗರಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ. 'ಇನ್ಷಾ' ಎಂದು ಕರೆಯಲಾಗುವ ಪತ್ರರಚನಾ ಶಾಸ್ತ್ರದಲ್ಲಿ, ಅಂದರೆ ಬರೆಯುವವರ ಮತ್ತು ಪಡೆಯುವವರ ಸ್ಥಾನಮಾನಗಳಿಗೆ ಅನುಗುಣವಾಗಿ ಸಂಬೋಧನೆ, ಪ್ರಾರ್ಥನೆ, ವಿಷಯನಿರೂಪಣೆ, ಮುಕ್ತಾಯಗಳನ್ನು ಹೊಂದಿಸುವ ವಿದ್ಯೆಯಲ್ಲಿ, ಆತ 'ಮನಾಜಿರುಲ್ ಇನ್ಷಾ' ಎಂಬ ಲಕ್ಷಣಗ್ರಂಥವನ್ನೇ ಬರೆದನು. ಆತನ ಪತ್ರಗಳ ಸಂಕಲನ 'ರಿಯಾಜುಲ್ ಇನ್ಷಾ' ಎಂಬ ಹೆಸರಿನಲ್ಲಿ ಉಳಿದುಬಂದಿದೆ. ಹೆರಾತಿನಲ್ಲಿದ್ದ ಕವಿ ಹಾಗೂ ಸೂಫಿ ಜಾಮಿಯೊಡನೆ, ಇಸ್ತಾಂಬುಲನ್ನು ಗೆದ್ದ ಒಟ್ಟೋಮನ್ ಸುಲ್ತಾನ ಎರಡನೆಯ ಮೆಹ್ಮದನೊಡನೆ ಈತನಿಗೆ ಪತ್ರವ್ಯವಹಾರವಿತ್ತು. ದಖ್ಖನಿನ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯಿಂದ ಹೊರಟ ಕಾಗದವೊಂದು ಕೊಂಕಣದ ಬಂದರಿಗೆ ಇಳಿದು, ಸಮುದ್ರ ದಾಟಿ, ವರ್ತಕರ ಮತ್ತು ಯಾತ್ರಿಕರ ಕೈಯಿಂದ ಕೈಗೆ ಸಾಗಿ ತಿಂಗಳುಗಳ ನಂತರ ಹೆರಾತನ್ನು ಮುಟ್ಟುತ್ತಿದ್ದ ಕಾಲದಲ್ಲಿ, ಅದನ್ನು ಓದುವವನಿಗೆ ಬರೆದವನ ಗುರುತಾಗಿ ಸಿಗುತ್ತಿದ್ದದ್ದು ಎರಡೇ: ಒಂದು ಮುದ್ರೆ, ಇನ್ನೊಂದು ಶೈಲಿ.

ಆತನ ಅಂತ್ಯದ ವೃತ್ತಾಂತವನ್ನು ಮುಖ್ಯವಾಗಿ ಹೇಳುವವನು, ಅದಾದ ಶತಮಾನಕ್ಕೂ ಹೆಚ್ಚು ಕಾಲದ ನಂತರ ಬಿಜಾಪುರದಲ್ಲಿ ಇತಿಹಾಸ ಬರೆದ ಫಿರಿಷ್ತಾ. ಅವನು ಕೊಡುವ ವಿವರದಂತೆ, ಗವಾನನ ಆಡಳಿತ ಸುಧಾರಣೆಗಳಿಂದ ಅಧಿಕಾರ ಮೊಟಕಾಗಿದ್ದ ದಖ್ಖನಿ ಸರದಾರರ ಒಂದು ಗುಂಪು ಮಂತ್ರಿಯ ಮೊಹರು ಕಾಯುವ ಸೇವಕನ ಸ್ನೇಹ ಸಂಪಾದಿಸಿ, ಅವನು ಅಮಲಿನಲ್ಲಿದ್ದ ಹೊತ್ತು ನೋಡಿಕೊಂಡು ಮಡಿಸಿದ ಕಾಗದವೊಂದನ್ನು ಮುಂದಿಟ್ಟು, ಇದು ಸ್ನೇಹಿತನೊಬ್ಬನ ಲೆಕ್ಕಪತ್ರ, ಇದಕ್ಕೆ ಮಂತ್ರಿಯ ಮೊಹರು ಬೇಕು ಎಂದು ಕೇಳಿತು. ಕಾಗದವನ್ನು ಬಿಚ್ಚಿ ನೋಡದೆ ಅವನು ಮೊಹರು ಒತ್ತಿದನು. ಮೊಹರು ಬಿದ್ದ ಆ ಖಾಲಿ ಹಾಳೆಯ ಮೇಲೆ, ರಾಜ್ಯದ ಮೇಲೆ ದಂಡೆತ್ತಿ ಬರುವಂತೆ ಒರಿಸ್ಸಾದ ಅರಸನನ್ನು ಗವಾನನೇ ಆಹ್ವಾನಿಸುತ್ತಿರುವಂತೆ ಬರೆದು, ಅದನ್ನು ಸುಲ್ತಾನನ ಕೈಗೆ ತಲುಪಿಸಲಾಯಿತು. ಸುಲ್ತಾನನು ಆಗ ಕೊಂಡಪಲ್ಲಿಯ ಬಳಿಯ ದಂಡಿನ ಬಿಡಾರದಲ್ಲಿದ್ದನು. ಕರೆ ಬಂದಾಗ ಹೋಗಬೇಡವೆಂದು ಆಪ್ತರು ತಡೆದರೂ ಎಪ್ಪತ್ತು ದಾಟಿದ್ದ ಮಂತ್ರಿ ಹೋದನು. ಒಡೆಯನಿಗೆ ದ್ರೋಹ ಬಗೆದವನಿಗೆ ಶಿಕ್ಷೆಯೇನು ಎಂದು ಸುಲ್ತಾನನು ಕೇಳಲು, ಮರಣದಂಡನೆ ಎಂದು ಗವಾನನು ಹೇಳಿದನು. ಆಗ ಪತ್ರವನ್ನು ತೋರಿಸಲಾಯಿತು. ಮುದ್ರೆ ತನ್ನದು ಹೌದು, ಬರಹದ ವಿಷಯ ತನಗೆ ಗೊತ್ತಿಲ್ಲ ಎಂದು ಗವಾನನು ಉತ್ತರಿಸಿದನು. ಮುಂದಿನ ವಿಚಾರಣೆ ನಡೆಯಲಿಲ್ಲ. 1481ರ ಏಪ್ರಿಲ್ 5ರಂದು ಅಲ್ಲಿಯೇ ಆತನ ತಲೆ ಹೊಡೆಯಲಾಯಿತು. ಆತನ ಸಂಪತ್ತನ್ನು ಲೆಕ್ಕ ಹಾಕಿದಾಗ ಸ್ವಂತಕ್ಕೆಂದು ಇಟ್ಟುಕೊಂಡದ್ದು ಅತ್ಯಲ್ಪವೆಂದು ತಿಳಿದು ಸುಲ್ತಾನನು ಪಶ್ಚಾತ್ತಾಪಪಟ್ಟನೆಂದೂ, ಒಂದು ವರ್ಷ ತುಂಬುವ ಮೊದಲೇ ತಾನೂ ಸತ್ತನೆಂದೂ ಇತಿಹಾಸ ಹೇಳುತ್ತದೆ. ಗವಾನನ ಗೋರಿ ಬೀದರಿನ ಸಮೀಪದ ಗೋರನಳ್ಳಿಯಲ್ಲಿದೆ.

ಮುದ್ರೆ ತನ್ನದು, ಬರಹ ತನಗೆ ಗೊತ್ತಿಲ್ಲ ಎಂಬ ಗವಾನನ ಉತ್ತರದಲ್ಲಿ ಅಡಗಿರುವ ತಾತ್ವಿಕ ವಿವೇಚನೆ ಅಸಾಮಾನ್ಯವಾದದ್ದು. ಪ್ರಾಣಕ್ಕೆ ಎರವಾಗುವ ಗಳಿಗೆಯಲ್ಲಿ ಮುದ್ರೆಯೇ ನಕಲಿ ಎಂದು ಹೇಳಿಬಿಡುವುದು ಸುಲಭವಾಗಿತ್ತು. ಗವಾನನು ಹಾಗೆ ಹೇಳದೆ, ತನ್ನ ಗುರುತು ಮತ್ತು ತನ್ನ ಮಾತು ಎಂಬ ಎರಡನ್ನು ಬಿಡಿಸಿ ತೋರಿಸಿ, ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಇದೆಯೆಂದು ಸಿದ್ಧವಾಗುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳುವಂತೆ ಸುಲ್ತಾನನನ್ನು ಕೇಳಿದನು. ಮುದ್ರೆಯು ಹೇಳಬಲ್ಲದ್ದು ಇಷ್ಟೇ: ಈ ಕಾಗದ ಒಂದು ಹೊತ್ತಿನಲ್ಲಿ ಇಂಥವರ ಮೊಹರಿನ ಕೆಳಗೆ ಇತ್ತು. ಅದನ್ನು ಒತ್ತಿದ ಕೈ ಯಾರದು, ಒತ್ತುವಾಗ ಹಾಳೆಯ ಮೇಲೆ ಬರಹವಿತ್ತೆ, ಇದ್ದರೆ ಇದೇ ಬರಹವೆ ಎಂಬುದಕ್ಕೆಲ್ಲ ಮನುಷ್ಯರೇ ಸಾಕ್ಷಿ ನುಡಿಯಬೇಕು. ಸುಲ್ತಾನನು ಮೋಸಹೋದದ್ದನ್ನು ತಪ್ಪೆಂದು ಹೇಳಲಾಗದು, ಮೋಸ ಯಾರಿಗೂ ಆಗಬಹುದು. ಮುದ್ರೆ ಕಂಡಲ್ಲಿಂದ ಆರಂಭವಾಗಬೇಕಾಗಿದ್ದ ವಿಚಾರಣೆಯನ್ನು ಮುದ್ರೆ ಕಂಡಲ್ಲಿಗೇ ಮುಗಿಸಿದ್ದು ಅವನ ತಪ್ಪು. ಶೈಲಿಯನ್ನು ನೋಡಿ ಪರೀಕ್ಷಿಸಬಹುದಾಗಿತ್ತಲ್ಲ ಎಂದು ಯಾರಾದರೂ ಹೇಳಬಹುದು. ಆದರೆ ರಾಜಕಾರ್ಯದ ಪತ್ರಗಳನ್ನು ಮುನ್ಷಿಗಳು ಬರೆದು ಮಂತ್ರಿಗಳು ಮೊಹರು ಮಾಡುವುದು ರೂಢಿಯಾಗಿದ್ದುದರಿಂದ ಆ ಪರೀಕ್ಷೆಯೂ ನಿರ್ಣಾಯಕವಾಗುತ್ತಿರಲಿಲ್ಲ. ಮೊಹರು ಕಾಯುವ ಸೇವಕನನ್ನು ಕರೆಸಿ ಕೇಳುವುದೊಂದೇ ದಾರಿಯಾಗಿತ್ತು, ಅದನ್ನು ಯಾರೂ ಮಾಡಲಿಲ್ಲ.

ಇಸ್ಲಾಮೀ ಪರಂಪರೆಗೆ ಈ ತೊಡಕು ಹೊಸದಾಗಿರಲಿಲ್ಲ ಎಂಬುದು ಗಮನಾರ್ಹ. ಪ್ರವಾದಿ ಮುಹಮ್ಮದರು ಹೊರನಾಡಿನ ಅರಸರಿಗೆ ಪತ್ರ ಬರೆಯಲು ಬಯಸಿದಾಗ, ಮೊಹರಿಲ್ಲದ ಪತ್ರವನ್ನು ಅವರು ಓದುವುದಿಲ್ಲವೆಂದು ತಿಳಿದುಬಂದು, ಬೆಳ್ಳಿಯ ಮುದ್ರೆಯುಂಗುರವೊಂದನ್ನು ಮಾಡಿಸಿದರೆಂದು ಹದೀಸ್‌ಗಳು, ಎಂದರೆ ಪ್ರವಾದಿಗಳ ನಡೆನುಡಿಗಳ ವರದಿಗಳು, ಹೇಳುತ್ತವೆ. ಆ ಉಂಗುರ ಉತ್ತರಾಧಿಕಾರಿಗಳ ಕೈಗೆ ಬಂದು, ಮೂರನೆಯ ಖಲೀಫರಾದ ಹಜ್ರತ್ ಉಸ್ಮಾನರ ಕಾಲದಲ್ಲಿ ಮದೀನಾದ ಅರೀಸ್ ಎಂಬ ಬಾವಿಯೊಳಗೆ ಬಿದ್ದು, ಎಷ್ಟು ಹುಡುಕಿದರೂ ಸಿಗದೆ ಹೋಯಿತು. ಅದೇ ಉಸ್ಮಾನರ ಕೊನೆಯ ದಿನಗಳಲ್ಲಿ, ದೂರು ಹೇಳಿಕೊಂಡು ಈಜಿಪ್ಟಿಗೆ ಹಿಂತಿರುಗುತ್ತಿದ್ದ ಜನರಿಗೆ ದಾರಿಯಲ್ಲಿ ಒಂದು ಪತ್ರ ಸಿಕ್ಕಿತೆಂದೂ, ಅವರನ್ನು ದಂಡಿಸಬೇಕೆಂದು ಅಲ್ಲಿನ ಅಧಿಪತಿಗೆ ಬರೆದಿದ್ದ ಅದರ ಮೇಲೆ ಖಲೀಫರ ಮುದ್ರೆಯಿತ್ತೆಂದೂ, ತಾವು ಅದನ್ನು ಬರೆಯಲೂ ಇಲ್ಲ, ಬರೆಯಿಸಲೂ ಇಲ್ಲವೆಂದು ಉಸ್ಮಾನರು ಆಣೆ ಮಾಡಿ ಹೇಳಿದರೂ ಜನ ನಂಬದೆ ಅವರ ಮನೆಯನ್ನು ಮುತ್ತಿ 656ರಲ್ಲಿ ಅವರನ್ನು ಕೊಂದರೆಂದೂ ಪ್ರಾಚೀನ ಇತಿಹಾಸಕಾರರು ದಾಖಲಿಸಿದ್ದಾರೆ. ಕೊಂಡಪಲ್ಲಿಯ ಬಿಡಾರದಲ್ಲಿ ನಡೆದದ್ದು ಈ ವೃತ್ತಾಂತಕ್ಕೆ ಎಷ್ಟು ಹತ್ತಿರವಾಗಿದೆಯೆಂದರೆ, ಅಲ್ಲಿದ್ದ ಓದಿದವರಿಗೆ ಅದು ನೆನಪಾಗದೆ ಇದ್ದಿರಲಾರದು ಎಂದು ಊಹಿಸಬಹುದು.

ಇಂಥ ಅನುಭವಗಳಿಂದ ಪಾಠ ಕಲಿತ ನ್ಯಾಯಶಾಸ್ತ್ರವೂ ಇತ್ತು. ಹಿಂದುಸ್ತಾನದಲ್ಲಿ ಬಹಳ ಪ್ರಮಾಣವೆಂದು ಒಪ್ಪಲಾದ ಹನಫಿ ಪಂಥದ 'ಹಿದಾಯಾ' ಗ್ರಂಥದಲ್ಲಿ (ಇದರ ಕರ್ತೃ ಮರ್ಗೀನಾನಿ 1197ರಲ್ಲಿ ತೀರಿಕೊಂಡವನು) ಒಬ್ಬ ಕಾಜಿಯು, ಎಂದರೆ ನ್ಯಾಯಾಧೀಶನು, ಇನ್ನೊಂದು ಊರಿನ ಕಾಜಿಗೆ ಬರೆಯುವ ಪತ್ರದ ವಿಷಯವಾಗಿ ವಿಸ್ತಾರವಾದ ನಿಯಮಗಳಿವೆ. ಕೈಬರಹ ಕೈಬರಹವನ್ನು ಹೋಲುತ್ತದೆ, ಮುದ್ರೆ ಮುದ್ರೆಯನ್ನು ಹೋಲುತ್ತದೆ, ಆದ್ದರಿಂದ ಇವೆರಡರಿಂದಲೇ ಪತ್ರ ಸಿದ್ಧವಾಗದು ಎಂಬುದು ಆ ನಿಯಮಗಳ ಮೂಲತತ್ವ. ಬರೆದ ಕಾಜಿಯು ಸಾಕ್ಷಿಗಳ ಮುಂದೆ ಪತ್ರವನ್ನು ಓದಿ ಹೇಳಬೇಕು ಅಥವಾ ಅದರಲ್ಲಿರುವುದನ್ನು ತಿಳಿಸಬೇಕು, ಅವರ ಎದುರಿನಲ್ಲಿಯೇ ಮೊಹರು ಮಾಡಿ ಅವರ ಕೈಗೆ ಒಪ್ಪಿಸಬೇಕು. ಪಡೆದ ಕಾಜಿಯು ಪ್ರತಿವಾದಿಯ ಸಮಕ್ಷಮದಲ್ಲಿ ಅದನ್ನು ಸ್ವೀಕರಿಸಬೇಕು, ಸಾಕ್ಷಿಗಳು ಇದು ಇಂಥ ಕಾಜಿಯ ಪತ್ರ, ನಮ್ಮ ಮುಂದೆ ಓದಿ ಮೊಹರು ಮಾಡಿದ್ದು ಎಂದು ನುಡಿದ ಮೇಲೆಯೇ ಒಡೆಯಬೇಕು. ಈ ಕಟ್ಟುನಿಟ್ಟನ್ನು ಅಬೂ ಯೂಸುಫ್ ಮುಂತಾದ ಆಚಾರ್ಯರು ಕೆಲಮಟ್ಟಿಗೆ ಸಡಿಲಿಸಿದರು ನಿಜ. ಆದರೆ ಇನ್ನೊಂದು ನಿಯಮ ಉಳಿಯಿತು: ಶಾಸ್ತ್ರವಿಹಿತ ಘೋರ ದಂಡನೆಗಳ ಮತ್ತು ಪ್ರಾಣಕ್ಕೆ ಪ್ರಾಣ ಕೇಳುವ ಪ್ರತೀಕಾರದ ವ್ಯಾಜ್ಯಗಳಲ್ಲಿ ಇಂಥ ಪತ್ರವನ್ನು ಸ್ವೀಕರಿಸಲೇಕೂಡದು, ಏಕೆಂದರೆ ಪತ್ರದಲ್ಲಿ ಯಾವಾಗಲೂ ಶಂಕೆಗೆ ಎಡೆಯಿರುತ್ತದೆ, ಶಂಕೆಯಿರುವಲ್ಲಿ ಜೀವ ತೆಗೆಯಬಾರದು. ದೊರೆಗಳು 'ಸಿಯಾಸತ್' ಎಂಬ ಹೆಸರಿನಲ್ಲಿ, ಎಂದರೆ ರಾಜ್ಯರಕ್ಷಣೆಯ ವಿವೇಚನಾಧಿಕಾರದಲ್ಲಿ, ಈ ನಿಯಮಗಳ ಹೊರಗೆ ದಂಡಿಸುತ್ತಿದ್ದರೆಂಬುದನ್ನು ಮರೆಯುವಂತಿಲ್ಲ. ಆದರೂ ಮದರಸಾದ ಪಾಠದಲ್ಲಿ ಇರಬಹುದಾದ ವಿವೇಕವು ಆ ಮದರಸಾವನ್ನು ಕಟ್ಟಿಸಿದವನಿಗೆ ದೊರೆಯಲಿಲ್ಲ ಎಂಬುದು ಮನಸ್ಸಿಗೆ ನೋವು ತರುವ ಸಂಗತಿ.

ಭಾರತೀಯ ದರ್ಶನಗಳಲ್ಲಿ ಈ ಚರ್ಚೆ ಶಬ್ದಪ್ರಮಾಣದ ಪ್ರಕರಣದಲ್ಲಿ ಬರುತ್ತದೆ. ಶಬ್ದಪ್ರಮಾಣವೆಂದರೆ ಇನ್ನೊಬ್ಬರ ಮಾತಿನಿಂದ ಲಭಿಸುವ ಜ್ಞಾನ. ನ್ಯಾಯಸೂತ್ರಗಳು ಆಪ್ತನ ಉಪದೇಶವನ್ನೇ ಪ್ರಮಾಣವೆನ್ನುತ್ತವೆ. ಆಪ್ತನೆಂದರೆ ವಸ್ತುವನ್ನು ತಾನು ಪ್ರತ್ಯಕ್ಷವಾಗಿ ಬಲ್ಲವನು, ಬಲ್ಲಂತೆಯೇ ಹೇಳಬೇಕೆಂಬ ಇಚ್ಛೆಯುಳ್ಳವನು ಎಂದು ಭಾಷ್ಯಕಾರನಾದ ವಾತ್ಸ್ಯಾಯನನು ವಿವರಿಸಿ, ಈ ಲಕ್ಷಣ ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನವೆಂದು ಸೇರಿಸುತ್ತಾನೆ. ಕುಲ, ಪದವಿ, ಬಿರುದು ಯಾವುದೂ ಆಪ್ತತೆಯ ಲಕ್ಷಣದೊಳಗೆ ಬರುವುದಿಲ್ಲವೆಂಬ ಈ ನಿಲುವು ಅತ್ಯಂತ ಉದಾರವಾದದ್ದು, ಮುದ್ರೆಯ ಪ್ರಶ್ನೆಗೆ ನೇರವಾಗಿ ಅನ್ವಯಿಸುವಂಥದ್ದೂ ಹೌದು: ಪದವಿಯ ಗುರುತನ್ನು ನೋಡಿ ಒಪ್ಪುವವನು ಹೇಳಿದವನ ಅರಿವನ್ನೂ ಇಚ್ಛೆಯನ್ನೂ ನೋಡಿರುವುದಿಲ್ಲ. ಮೀಮಾಂಸಕರ ದಾರಿ ಬೇರೆ. ಬಾಧಕ ಕಾಣುವವರೆಗೆ ಜ್ಞಾನ ತಾನಾಗಿಯೇ ಪ್ರಮಾಣವೆಂದು ಅವರು ಹೇಳುತ್ತಾರೆ. ದಿನನಿತ್ಯದ ಬಾಳು ಮೀಮಾಂಸಕರ ಮಾರ್ಗದಲ್ಲಿಯೇ ನಡೆಯುತ್ತದೆ, ಬಂದ ಪ್ರತಿ ಕಾಗದವನ್ನೂ ಶಂಕಿಸುವವನು ಬದುಕಲಾರ. ಆದರೆ ಒಬ್ಬನ ಪ್ರಾಣ, ಮಾನ, ಜೀವನೋಪಾಯ ತಕ್ಕಡಿಯಲ್ಲಿರುವಾಗ ನೈಯಾಯಿಕರ ಎಚ್ಚರವೇ ಧರ್ಮ; ಬಾಧಕವಿಲ್ಲವೆಂದು ಹೇಳುವ ಮೊದಲು ಅದನ್ನು ಹುಡುಕಿದ್ದೇನೆಯೆ ಎಂದು ತೀರ್ಪು ಕೊಡುವವನು ತನ್ನನ್ನು ಕೇಳಿಕೊಳ್ಳಲೇಬೇಕು.

ಮತ್ತೆ ಪತ್ರದ ಕಡೆಗೆ ಬಂದರೆ, ಹನಫಿ ನಿಯಮಗಳಲ್ಲಿ ಪತ್ರ ಹೊರುವವರು ಅದರ ಒಳಗನ್ನು ಬಲ್ಲವರಾಗಿರಬೇಕು. ಇಂದಿನ ಟಪಾಲು ವ್ಯವಸ್ಥೆಯಲ್ಲಾದರೋ ಹೊರುವವನು ಒಳಗನ್ನು ತಿಳಿಯಲೇಬಾರದು. ಈ ಎರಡು ಭರವಸೆಗಳು ಒಂದಕ್ಕೊಂದು ವಿರುದ್ಧವಾಗಿದ್ದು, ಒಂದರಿಂದ ಇನ್ನೊಂದಕ್ಕೆ ಬಂದ ದಾರಿಯೇ ಟಪಾಲಿನ ನೈತಿಕ ಚರಿತ್ರೆ ಎನ್ನಬಹುದು. ಮಧ್ಯಯುಗದ ಸುಲ್ತಾನರ 'ಬರೀದ್' ವ್ಯವಸ್ಥೆ ಸುದ್ದಿ ಸಾಗಿಸುವುದರ ಜೊತೆಗೆ ಸುದ್ದಿ ಸಂಗ್ರಹಿಸುವುದನ್ನೂ ಮಾಡುತ್ತಿತ್ತು. ಬೀದರ್ ದಿಲ್ಲಿಯ ತುಘಲಕರಿಗೆ ಒಳಪಟ್ಟಿದ್ದ ಕಾಲದಲ್ಲಿ ಭಾರತಕ್ಕೆ ಬಂದ ಇಬ್ನ್ ಬತೂತಾ, ನಾಲ್ಕು ಮೈಲಿಗೊಮ್ಮೆ ಬದಲಿಸುವ ಕುದುರೆ ಟಪಾಲನ್ನೂ, ಮೈಲಿಯ ಮೂರನೆಯ ಒಂದು ಭಾಗಕ್ಕೊಮ್ಮೆ ಬದಲಾಗುವ ಓಟದಾಳುಗಳನ್ನೂ ಬಣ್ಣಿಸಿದ್ದಾನೆ; ಓಟದಾಳಿನ ಒಂದು ಕೈಯಲ್ಲಿ ಪತ್ರ, ಇನ್ನೊಂದರಲ್ಲಿ ತುದಿಗೆ ತಾಮ್ರದ ಗೆಜ್ಜೆ ಕಟ್ಟಿದ ಎರಡು ಮೊಳದ ಕೋಲು, ಗೆಜ್ಜೆಯ ಸದ್ದು ಕೇಳಿದೊಡನೆ ಮುಂದಿನ ಆಳು ಸಿದ್ಧನಾಗಿ ನಿಲ್ಲುತ್ತಿದ್ದ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಸ್ಥಾಪಿಸಿದ ಅಂಚೆಯೂ ದೊರೆಗೆ ಕಣ್ಣು ಕಿವಿಗಳಾಗಿ ಕೆಲಸ ಮಾಡಿತು. ಬಲ್ಲ ವಾಹಕನು ಸಾಕ್ಷಿಯಾಗಬಲ್ಲನಾದರೆ ಅಷ್ಟೇ ಸುಲಭವಾಗಿ ಗೂಢಚಾರನೂ ಆಗಬಲ್ಲನೆಂಬುದನ್ನು ಇವು ತೋರಿಸುತ್ತವೆ.

ಬೀದರ್ ಸೀಮೆಗೆ ಹೊಸ ಬಗೆಯ ಟಪಾಲು ಬಂದದ್ದು ಹೈದರಾಬಾದಿನ ನಿಜಾಮರ ಆಡಳಿತದಲ್ಲಿ. ಇಂಗ್ಲೆಂಡಿನಲ್ಲಿ 1840ರಲ್ಲಿಯೂ ಬ್ರಿಟಿಷ್ ಭಾರತದಲ್ಲಿ 1854ರಲ್ಲಿಯೂ ದೂರ ಲೆಕ್ಕಿಸದ ಏಕರೂಪದ ದರ ಜಾರಿಗೆ ಬಂದ ಮೇಲೆ, ನಿಜಾಮ್ ಸರ್ಕಾರ 1869ರಲ್ಲಿ ತನ್ನದೇ ಸ್ಟಾಂಪುಗಳನ್ನು ಹೊರಡಿಸಿತು. ಅವು ಸಂಸ್ಥಾನದ ಎಲ್ಲೆಯೊಳಗೆ ಮಾತ್ರ ಸಲ್ಲುತ್ತಿದ್ದುದರಿಂದ ಹೊರಗಿನ ಪತ್ರಗಳಿಗೆ ಬ್ರಿಟಿಷ್ ಅಂಚೆ ಕಚೇರಿಗಳನ್ನೇ ಅವಲಂಬಿಸಬೇಕಾಗಿತ್ತು. ಸರ್ಕಾರಿ ಪತ್ರಗಳ ಸ್ಟಾಂಪಿನ ಮೇಲೆ ಉರ್ದುವಿನಲ್ಲಿ 'ಸರ್ಕಾರಿ' ಎಂದು ಮೇಲಚ್ಚು ಒತ್ತುತ್ತಿದ್ದರು. ಮೈಸೂರಿನ ಅಂಚೆ 1889ರಲ್ಲಿಯೇ ಭಾರತೀಯ ಅಂಚೆಯಲ್ಲಿ ವಿಲೀನವಾದರೆ ನಿಜಾಮರ ಟಪಾಲು 1950ರ ಏಪ್ರಿಲ್ 1ರವರೆಗೆ ಬಾಳಿತು. ಈ ಚರಿತ್ರೆಯಲ್ಲಿ ಇಲ್ಲಿನ ವಿಚಾರಕ್ಕೆ ಮುಖ್ಯವಾದದ್ದು 1931ರ ಚಿತ್ರಮಾಲಿಕೆ. ಚಾರ್ ಮಿನಾರ್, ಹೈಕೋರ್ಟು, ಅಜಂತಾದ ದ್ವಾರ, ದೌಲತಾಬಾದಿನ ವಿಜಯಸ್ತಂಭಗಳ ಸಾಲಿನಲ್ಲಿ ಹನ್ನೆರಡು ಆಣೆಯ ಸ್ಟಾಂಪಿನ ಮೇಲೆ ಬೀದರಿನ ಮದರಸಾದ ಚಿತ್ರವಿತ್ತು. 1690ರ ದಶಕದಲ್ಲಿ, ಔರಂಗಜೇಬನ ಆಳ್ವಿಕೆಯಲ್ಲಿ, ಒಳಗೆ ಇಟ್ಟಿದ್ದ ಮದ್ದು ಸಿಡಿದು ಮುಂಭಾಗದ ಅರ್ಧವನ್ನೂ ಒಂದು ಮಿನಾರನ್ನೂ ಕಳೆದುಕೊಂಡು, ನೀಲಿ ಬಿಳಿ ಹಳದಿ ಬಣ್ಣದ ಹೆಂಚುಗಳು ಅಲ್ಲಲ್ಲಿ ಉಳಿದ ಆ ಕಟ್ಟಡ, ಮುದ್ರೆಯ ದುರುಪಯೋಗದಿಂದ ಸತ್ತವನ ಸ್ಮಾರಕ, ಹೀಗೆ ಸಾವಿರಾರು ಲಕೋಟೆಗಳಿಗೆ ಮುದ್ರೆಯಾಗಿ ಸಂಚರಿಸಿತು.

ಆದರೆ ಸ್ಟಾಂಪು ಮತ್ತು ಅದನ್ನು ರದ್ದುಮಾಡುವ ತಾರೀಖಿನ ಠಸ್ಸೆ ಗವಾನನ ಮೊಹರಿಗಿಂತ ತೀರ ಬೇರೆ ಜಾತಿಯವು. ಸ್ಟಾಂಪು ಹಣ ಸಂದಾಯವಾಗಿದೆ ಎನ್ನುತ್ತದೆ; ಠಸ್ಸೆಯ ದುಂಡು ಗೆರೆಯೊಳಗಿನ ಊರು ಮತ್ತು ದಿನ, ಈ ಲಕೋಟೆ ಈ ಊರನ್ನು ಈ ದಿನ ಹಾದುಹೋಯಿತು ಎನ್ನುತ್ತವೆ; ಒಳಗಿನ ಮಾತು ಯಾರದು, ಸತ್ಯವೆ ಎಂಬುದರ ಬಗ್ಗೆ ಟಪಾಲು ಒಂದಕ್ಷರವನ್ನೂ ನುಡಿಯುವುದಿಲ್ಲ. ತಾನು ಬಲ್ಲಷ್ಟಕ್ಕೇ ಸಾಕ್ಷಿ ಹೇಳಿ ಬಲ್ಲದ್ದರಾಚೆಗೆ ಮೌನವಾಗಿರುವ ಈ ಶಿಸ್ತಿನಲ್ಲಿ ಆಪ್ತನ ಲಕ್ಷಣವೇ ಇದೆ. 1898ರ ಭಾರತೀಯ ಅಂಚೆ ಕಚೇರಿ ಅಧಿನಿಯಮ ಟಪಾಲನ್ನು ಕದಿಯುವ, ಬಚ್ಚಿಡುವ, ನಾಶಮಾಡುವ ನೌಕರನಿಗೆ ಏಳು ವರ್ಷದವರೆಗೆ ಸೆರೆವಾಸ ವಿಧಿಸಿದ್ದು ಈ ಶಿಸ್ತಿನ ರಕ್ಷಣೆಗಾಗಿಯೇ. ಸರ್ಕಾರ ಮಾತ್ರ ತುರ್ತು ಸಂದರ್ಭಗಳಲ್ಲಿ ಪತ್ರವನ್ನು ತಡೆದು ನೋಡುವ ಅಧಿಕಾರವನ್ನು ತನಗೆ ಉಳಿಸಿಕೊಂಡಿತು, 2023ರ ಹೊಸ ಅಧಿನಿಯಮದಲ್ಲಿಯೂ ಅದು ಉಳಿದಿದೆ. ಬರೀದಿನ ಹಳೆಯ ಕಣ್ಣು ಪೂರ್ತಿ ಮುಚ್ಚಿಲ್ಲ.

ಬೀದರ್ ಜಿಲ್ಲೆಯಲ್ಲಿಯೇ ಇರುವ ಬಸವಕಲ್ಯಾಣ, ಹನ್ನೆರಡನೆಯ ಶತಮಾನದ ಕಲ್ಯಾಣ, ಇದೇ ಪ್ರಶ್ನೆಯನ್ನು ಇನ್ನೊಂದು ರೂಪದಲ್ಲಿ ಕೊಟ್ಟಿದೆ. ಶರಣರ ಪ್ರತಿ ವಚನದ ಕೊನೆಯಲ್ಲಿ ಅಂಕಿತವಿರುತ್ತದೆ. ಮುದ್ರಿಕೆ ಎಂದೂ ಕರೆಯುವ ಇದು ವಚನಕಾರರ ಇಷ್ಟದೈವದ ಹೆಸರು. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುವಿನದು ಗುಹೇಶ್ವರ, ಅಕ್ಕಮಹಾದೇವಿಯವರದು ಚೆನ್ನಮಲ್ಲಿಕಾರ್ಜುನ. ತನ್ನ ಹೆಸರನ್ನು ಬಿಟ್ಟು ತನ್ನ ದೇವರ ಹೆಸರಿನಿಂದ ಮಾತಿಗೆ ಮುದ್ರೆ ಹಾಕುವ ಈ ಕ್ರಮದಲ್ಲಿ, ಹೇಳಿದ್ದನ್ನು ದೇವರ ಎದುರಿಗೆ ಹೇಳಿದ್ದೇನೆ ಎಂಬ ಹೊಣೆಗಾರಿಕೆ ಅಡಗಿದೆ, ಎಂದರೆ ದೇವರೇ ಇಲ್ಲಿ ಸಾಕ್ಷಿ. ಆದರೆ ಶರಣರು ಕಲ್ಯಾಣದಿಂದ ಚದುರಿದ ಮೇಲೆ ವಚನಗಳು ಓಲೆಗರಿಯ ಕಟ್ಟುಗಳಲ್ಲಿ ಪ್ರತಿಕಾರರ ಕೈಯಿಂದ ಕೈಗೆ ದಾಟಿ ಬಂದಾಗ, ನಿಜವಾದ ಅಂಕಿತದ ಕೆಳಗೆ ಬೇರೆಯವರ ಮಾತೂ ಸೇರಿತು. 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯವನ್ನು ಸಿದ್ಧಪಡಿಸಿದ ವಿದ್ವಾಂಸರಾಗಲಿ, ಅವರಿಗೂ ಮೊದಲು ಫ.ಗು. ಹಳಕಟ್ಟಿಯವರಾಗಲಿ ಎದುರಿಸಿದ ಪ್ರಕ್ಷೇಪದ, ಎಂದರೆ ನಂತರದವರು ಸೇರಿಸಿದ ಭಾಗದ, ಸಮಸ್ಯೆ ಗವಾನನ ಉತ್ತರದ ಸಮಸ್ಯೆಯೇ ಆಗಿದೆ: ಅಂಕಿತ ಬಸವಣ್ಣನವರದು, ಮಾತು ಅವರದೆ? ಹಳೆಯ ಪ್ರತಿಗಳ ಒಮ್ಮತ, ಭಾಷೆಯ ಕಾಲಮಾನ, ವಿಚಾರದ ಹೊಂದಿಕೆಗಳನ್ನು ಸಂಪಾದಕರು ಒಂದರ ಪಕ್ಕದಲ್ಲಿ ಒಂದಿಟ್ಟು ಕೇಳುವ ಕ್ರಮ, ಸಾಕ್ಷಿಗಳನ್ನು ಕರೆಸಿ ಕೇಳುವ ಕಾಜಿಯ ಕ್ರಮವನ್ನೇ ನೆನಪಿಸುತ್ತದೆ. ಇದನ್ನು ಶ್ರದ್ಧೆಗೆ ವಿರೋಧವೆಂದು ತಿಳಿಯುವವರಿದ್ದಾರೆ, ಆದರೆ ಬಸವಣ್ಣನವರ ಮಾತೇ ಬೇಕೆಂಬ ಹಂಬಲವಿಲ್ಲದವನು ಇಷ್ಟು ಕಷ್ಟಪಡಲಾರ.

ಮಾತನ್ನು ಹಾಗೆಯೇ ಇರಿಸಿ ಮುದ್ರೆಯನ್ನು ಬದಲಿಸಿದ ಪ್ರಸಂಗವೂ ನಡೆದಿದೆ. ಮಾತೆ ಮಹಾದೇವಿಯವರು 'ಬಸವ ವಚನ ದೀಪ್ತಿ'ಯಲ್ಲಿ ಕೂಡಲಸಂಗಮದೇವ ಎಂಬಲ್ಲಿ ಲಿಂಗದೇವ ಎಂದು 1990ರ ದಶಕದಲ್ಲಿ ಬಳಸಿದರು. ತಮ್ಮ ಬದಲಾವಣೆಗೆ ಅವರು ಧಾರ್ಮಿಕ ಕಾರಣಗಳನ್ನು ಕೊಟ್ಟಿದ್ದರು. ರಾಜ್ಯ ಸರ್ಕಾರ 1998ರಲ್ಲಿ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ಎತ್ತಿಹಿಡಿಯಿತು. ಪುಸ್ತಕವನ್ನು ನಿಷೇಧಿಸುವುದು ಸರ್ಕಾರದ ಕೆಲಸವೆ ಎಂಬುದು ಬೇರೆಯೇ ಚರ್ಚೆ. ತಾತ್ವಿಕವಾಗಿ ನೋಡಿದರೆ, ಭಕ್ತಿ ಎಷ್ಟೇ ಆಳವಾಗಿದ್ದರೂ ಹೊತ್ತು ತಂದವರಿಗೆ ಕಳುಹಿಸಿದವರ ಮುದ್ರೆಯ ಮೇಲೆ ಅಧಿಕಾರವಿಲ್ಲ ಎಂಬ ನಿಲುವೇ ಹೆಚ್ಚು ಸಮರ್ಥನೀಯವಾಗಿ ತೋರುತ್ತದೆ, ಏಕೆಂದರೆ ಹೇಳಿದವರು ಇಂದು ಎದುರಿಗೆ ನಿಂತು ಇದು ನನ್ನದು, ಇದು ನನ್ನದಲ್ಲ ಎಂದು ಬಿಡಿಸಿ ಹೇಳಲಾರರು.

ಭಾಲ್ಕಿಯ ಹಿರೇಮಠದ ಉದಾಹರಣೆ ಈ ವಿಚಾರವನ್ನು ಇನ್ನಷ್ಟು ತೊಡಕಾಗಿಸುತ್ತದೆ. ಇಂದಿನ ಕಮಲನಗರದಲ್ಲಿ 1890ರಲ್ಲಿ ಹುಟ್ಟಿ, ಆ ಮಠದ ಪೀಠವೇರಿ, 1999ರವರೆಗೆ ಬಾಳಿದ ಡಾ. ಚನ್ನಬಸವ ಪಟ್ಟದ್ದೇವರು, ಉರ್ದು ಆಡಳಿತ ಭಾಷೆಯೂ ಶಿಕ್ಷಣದ ಭಾಷೆಯೂ ಆಗಿದ್ದ ನಿಜಾಮರ ಕಾಲದಲ್ಲಿ, ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರೆಂಬುದು ಈ ಭಾಗದಲ್ಲಿ ಮನೆಮಾತು. ಶರಣಧರ್ಮವು ಅಂತರಂಗ ಬಹಿರಂಗಗಳು ಒಂದಾಗಿರಬೇಕೆಂದು ಒತ್ತಿ ಹೇಳುವಾಗ, ಒಳಗೊಂದು ಹೊರಗೊಂದು ಇದ್ದ ಈ ಶಾಲೆಯನ್ನು ಹೇಗೆ ಸಮರ್ಥಿಸುವುದು? ಲಕೋಟೆಯ ವಿಳಾಸ ಮತ್ತು ಒಳಗಿನ ಪತ್ರಗಳ ಭೇದ ಇಲ್ಲಿ ನೆರವಿಗೆ ಬರುತ್ತದೆ. ವಿಳಾಸ ಬರೆಯುವುದು ಸಾಗಿಸುವವರು ಓದುವುದಕ್ಕಾಗಿ, ಪತ್ರ ಬರೆಯುವುದು ಪಡೆಯುವವರಿಗಾಗಿ. ಫಲಕ ಸರ್ಕಾರದ ಕಣ್ಣಿಗೆ ಮೀಸಲಾಗಿತ್ತು, ಪಾಠ ಮಕ್ಕಳಿಗೆ ಮೀಸಲಾಗಿತ್ತು, ಕಲಿಯಬೇಕಾದ ಮಗುವಿಗೆ ಯಾವ ವಂಚನೆಯೂ ಆಗಲಿಲ್ಲ. ಗವಾನನ ಶತ್ರುಗಳು ನಿಜವಾದ ಮುದ್ರೆಯ ಮರೆಯಲ್ಲಿ ಒಬ್ಬನಿಂದ ಅವನ ಮಾತನ್ನು ಕಸಿದುಕೊಂಡರು, ಪಟ್ಟದ್ದೇವರು ಬೇರೊಂದು ಫಲಕದ ಮರೆಯಲ್ಲಿ ಮಕ್ಕಳಿಗೆ ಅವರ ಮಾತನ್ನು ಮರಳಿ ಕೊಟ್ಟರು. ಹೊರಗು ಒಳಗುಗಳ ಹೊಂದಿಕೆಯೊಂದನ್ನೇ ಸತ್ಯದ ಅಳತೆಯಾಗಿ ಹಿಡಿದರೆ ಇವೆರಡರ ಅಂತರ ಕಾಣದು. ಮಾತು ಯಾರಿಗೆ ಸೇರಿದ್ದು, ಅವರಿಗೆ ಅದು ಮುಟ್ಟಿತೆ ಎಂದು ಕೇಳಿದಾಗಲೇ ಅದು ಕಾಣುತ್ತದೆ.

ಮಾತು ಸೇರಬೇಕಾದವರಿಗೆ ಮುಟ್ಟಿತೆ ಎಂಬ ಈ ಪ್ರಶ್ನೆ ಔರಾದ ತಾಲ್ಲೂಕಿನಲ್ಲಿ ಅಕ್ಷರಶಃ ಎದುರಾಗುತ್ತಿತ್ತು. ಈ ತಾಲ್ಲೂಕು ಕರ್ನಾಟಕದ ಉತ್ತರದ ತುದಿ. 1956ರ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಗಿ, ಉದಗೀರ, ನೀಲಂಗಾ ಮುಂತಾದವು ಮರಾಠಿ ಸೀಮೆಗೂ ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಕ್ಕೂ ಹೋದುದರಿಂದ, ಒಂದೇ ಹೆಸರಿನ ಊರುಗಳು ಗಡಿಯ ಎರಡೂ ಕಡೆ ಉಳಿದವು. ಔರಾದ (ಬಿ) ಇಲ್ಲಿ, ಔರಾದ ಶಹಾಜನಿ ಮಹಾರಾಷ್ಟ್ರದ ಲಾತೂರು ಜಿಲ್ಲೆಯಲ್ಲಿ. 1972ರಲ್ಲಿ ಪಿನ್ ಕೋಡ್ ಬರುವವರೆಗೂ ಅಲ್ಲಿನ ಪತ್ರ ಇಲ್ಲಿಗೆ ಬಾರದಂತೆ ನೋಡಿಕೊಂಡದ್ದು ವಿಂಗಡಿಸುವವರ ನೆನಪು. ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು, ಲಂಬಾಣಿ ನುಡಿಗಳು ಬೆರೆತ ಈ ಹಳ್ಳಿಗಳಲ್ಲಿ ಹೈದರಾಬಾದಿಗೋ ಮುಂಬಯಿಗೋ ದುಡಿಯಲು ಹೋದವರಿಂದ ಬರುವ ಮನಿ ಆರ್ಡರನ್ನು ಓದು ಬರಹ ತಿಳಿಯದ ತಾಯಿಗೆ ಕೊಡುವಾಗ ಪೋಸ್ಟಮನ್ ಕೆಳಗಿನ ತುಂಡಿನಲ್ಲಿದ್ದ ಎರಡು ಸಾಲುಗಳನ್ನು ಓದಿ ಹೇಳಬೇಕಾಗುತ್ತಿತ್ತು; ಆಕೆ ಹೆಬ್ಬೆಟ್ಟು ಒತ್ತಿದ ಮೇಲೆ ಓದು ಬಲ್ಲ ಸಾಕ್ಷಿಯೊಬ್ಬರು ಪಕ್ಕದಲ್ಲಿ ಸಹಿ ಮಾಡಬೇಕೆಂಬುದು ಇಲಾಖೆಯ ನಿಯಮವೇ ಆಗಿತ್ತು. ಒಳಗನ್ನು ಅರಿಯಬಾರದ ವಾಹಕನು ಇಲ್ಲಿ ಅನಿವಾರ್ಯವಾಗಿ ಮತ್ತೆ ಬಲ್ಲ ವಾಹಕನಾದನು, ಹೆಬ್ಬೆಟ್ಟೊಂದೇ ಸಾಲದು, ಮನುಷ್ಯನ ಸಾಕ್ಷ್ಯವೂ ಬೇಕು ಎಂಬ ಕಾಜಿಗಳ ಹಳೆಯ ವಿವೇಕ ಅಂಚೆಯ ನಮೂನೆಯೊಂದರಲ್ಲಿ ಸದ್ದಿಲ್ಲದೆ ಉಳಿದಿತ್ತು.

2018ರಲ್ಲಿ ಅಂಚೆ ಪಾವತಿ ಬ್ಯಾಂಕು ಆರಂಭವಾದ ಮೇಲೆ ಗ್ರಾಮೀಣ ಡಾಕ್ ಸೇವಕರು ಮನೆಬಾಗಿಲಿಗೇ ಬಂದು, ಸಣ್ಣ ಯಂತ್ರವೊಂದರ ಮೇಲೆ ಬೆರಳಿಡಿಸಿಕೊಂಡು, ಆಧಾರ್ ಜೋಡಣೆಯಾದ ಖಾತೆಯಿಂದ ಪಿಂಚಣಿಯ ಹಣವನ್ನೋ ಕೂಲಿಯ ಹಣವನ್ನೋ ಕೊಡುತ್ತಾರೆ. ದೂರದ ಬ್ಯಾಂಕಿಗೆ ನಡೆಯಲಾರದ ಮುದುಕರಿಗೆ ಇದು ದೊಡ್ಡ ಉಪಕಾರ; ಅದನ್ನು ಕಡೆಗಣಿಸಿ ಮಾತನಾಡುವುದು ಅನ್ಯಾಯ. ಆದರೆ ಈ ವಿಧಾನದಲ್ಲಿ ಸಾಕ್ಷಿಯ ಸಹಿಗೆ ಜಾಗವಿಲ್ಲ. ಹೊಲದ ಕೆಲಸದಲ್ಲಿ ಗೆರೆ ಸವೆದ ಬೆರಳನ್ನು ಯಂತ್ರ ಗುರುತಿಸದೆ ಹೋದರೆ ತನ್ನ ಹಣವೇ ತನಗೆ ಸಿಗದು. ಗುರುತಿಸಿದರೆ, ಪರದೆಯ ಮೇಲಿರುವ ಮೊತ್ತವನ್ನು ಓದಲಾರದವಳು ಎಷ್ಟಕ್ಕೆ ಒಪ್ಪಿ ಬೆರಳಿಟ್ಟಳೆಂಬುದನ್ನು ಯಂತ್ರ ಅರಿಯದು. ಬೆರಳು ಆಕೆಯದು ಎಂದು ಮಾತ್ರ ಅದು ಹೇಳಬಲ್ಲದು. ನಾಳೆ ಲೆಕ್ಕ ತಪ್ಪಾಗಿ ಆಕೆ ದೂರು ಕೊಟ್ಟಾಗ, ಬೆರಳು ನನ್ನದು ಹೌದು, ಮೊತ್ತ ನನಗೆ ತಿಳಿಯದು ಎನ್ನುವ ಆಕೆಯ ಮಾತನ್ನು ಕೇಳಿ, ಬೆರಳಚ್ಚಿನ ದಾಖಲೆಯೊಂದಕ್ಕೇ ತೃಪ್ತರಾಗದೆ, ಆ ಹೊತ್ತು ಅಲ್ಲಿದ್ದವರನ್ನು ಕರೆಸಿ ವಿಚಾರಿಸಬೇಕಾದ ಕರ್ತವ್ಯ ದೂರು ಕೇಳುವ ಅಧಿಕಾರಿಯದು. ಬೆರಳಿಡಿಸುವ ಮೊದಲು ಮೊತ್ತವನ್ನೂ ಅದು ಯಾವ ಬಾಬ್ತಿನದೆಂಬುದನ್ನೂ ಆಕೆಗೆ ತಿಳಿಯುವ ನುಡಿಯಲ್ಲಿ, ನೆರೆಯವರೊಬ್ಬರ ಮುಂದೆ, ಗಟ್ಟಿಯಾಗಿ ಓದಿ ಹೇಳಬೇಕಾದ ಕರ್ತವ್ಯ ಯಂತ್ರ ಹಿಡಿದು ಬಂದ ಡಾಕ್ ಸೇವಕನದು.